ಮೊದಲು ಐದು ವೋಲ್ಟ್, ಆಮೇಲೆ ಡ್ರೈವರ್

ಡೆಸ್ಕ್‌ಟಾಪ್‌ಗಳಲ್ಲಿ ಯುಎಸ್‌ಬಿ ಸಂಪರ್ಕ ಪದೇ ಪದೇ ತಪ್ಪುವುದರ ಬಗ್ಗೆ, ಸೇವಾ ಕೇಂದ್ರ, ಶಾಲಾ ಲ್ಯಾಬ್ ಮತ್ತು ಸಣ್ಣ ಕಚೇರಿಗಳ ಕಂಪ್ಯೂಟರ್ ನೋಡಿಕೊಳ್ಳುವವರಿಗೆ ನೀಡಿದ ಉಪನ್ಯಾಸದ ಬರಹ ರೂಪ

ಎಲ್ಲರಿಗೂ ನಮಸ್ಕಾರ.

ಗ್ರಾಮ ಒನ್ ಕೇಂದ್ರವಾಗಲಿ, ಶಾಲೆಯ ಲ್ಯಾಬ್ ಆಗಲಿ, ಜೆರಾಕ್ಸ್ ಅಂಗಡಿಯಾಗಲಿ, ವಿಂಡೋಸ್‌ನ ಎರಡು ಸದ್ದು ನಿಮಗೆಲ್ಲ ಚೆನ್ನಾಗಿ ಗೊತ್ತು. ಸಾಧನ ಸೇರಿದಾಗ ಒಂದು, ಬಿಟ್ಟುಹೋದಾಗ ಇನ್ನೊಂದು. ಯಾರೂ ಏನೂ ಮುಟ್ಟದೆ ಇವೆರಡೂ ಒಂದರ ಹಿಂದೊಂದು ಕೇಳಿಸಿದರೆ ಎಲ್ಲೋ ಯುಎಸ್‌ಬಿ ಸಂಪರ್ಕ ತಪ್ಪಿ ಮತ್ತೆ ಹತ್ತಿದೆ ಎಂದು ತಿಳಿಯಿರಿ. ಎದುರಿಗೆ ಪಡಿತರ ಚೀಟಿಯ ಇ-ಕೆವೈಸಿಗೆ ಬಂದ ಅಜ್ಜಿ ಹೆಬ್ಬೆಟ್ಟು ಒತ್ತಿಕೊಂಡೇ ಕೂತಿರುತ್ತಾರೆ, ಪರದೆಯ ಮೇಲೆ ‘ಡಿವೈಸ್ ನಾಟ್ ರೆಡಿ’ ಎಂದು ಬರುತ್ತದೆ. ಅಲ್ಲಿಂದ ಮುಂದಿನದು ಎಲ್ಲ ಕಡೆ ಒಂದೇ ತರ. ಬೆರಳಚ್ಚು ಯಂತ್ರದ ತಂತ್ರಾಂಶವಾದ ಆರ್‌ಡಿ ಸರ್ವಿಸ್ ತೆಗೆದು ಮತ್ತೆ ಹಾಕುತ್ತೇವೆ, ಡ್ರೈವರ್ ಬದಲಿಸುತ್ತೇವೆ, ಆಗದಿದ್ದರೆ ಯಾರಾದರೂ ‘ಸಿಸ್ಟಮ್ ಫಾರ್ಮ್ಯಾಟ್ ಮಾಡಿಸಿಬಿಡಿ’ ಎನ್ನುತ್ತಾರೆ. ಅರ್ಧ ದಿನ ಹೋಗುತ್ತದೆ. ಮೂರನೇ ದಿನ ಅದೇ ಸದ್ದು ಮತ್ತೆ ಕೇಳುತ್ತದೆ.

ತಂತಿ ಬಿಟ್ಟು ತಂತ್ರಾಂಶವನ್ನು ಹಿಡಿದುಕೊಳ್ಳುವುದೇ ಇದಕ್ಕೆ ಕಾರಣ. ಯುಎಸ್‌ಬಿ 1996ರಲ್ಲಿ ಬಂದ ಏರ್ಪಾಡು. ಅದಕ್ಕೆ ಮೊದಲು ಪ್ರಿಂಟರ್‌ಗೆ ಒಂದು ಕಿಂಡಿ, ಮೌಸ್‌ಗೆ ಇನ್ನೊಂದು, ಮೋಡೆಮ್‌ಗೆ ಮತ್ತೊಂದು ಇರುತ್ತಿತ್ತು. ಬರೋಡದಲ್ಲಿ ಓದಿ ಇಂಟೆಲ್ ಸೇರಿದ್ದ ಅಜಯ್ ಭಟ್ ಮತ್ತು ಅವರ ತಂಡ ಇದನ್ನು ರೂಪಿಸುವಾಗ, ಒಂದೇ ಕೇಬಲ್ಲು ಸಾಧನಕ್ಕೆ ಅನ್ನವನ್ನೂ ಹಾಕಬೇಕು, ಅದರ ಜೊತೆ ಮಾತನ್ನೂ ಆಡಬೇಕು ಎಂದು ಮಾಡಿದರು. ಅನುಕೂಲವೇನೋ ದೊಡ್ಡದು. ಆದರೆ ಅನ್ನ ಕಡಿಮೆ ಬಿದ್ದಾಗ ಸಾಧನ ತೊದಲುತ್ತದೆ, ಆ ತೊದಲು ಕಂಪ್ಯೂಟರ್‌ಗೆ ‘ಗುರುತು ಸಿಗದ ಸಾಧನ’ ಎಂದು ಕೇಳಿಸುತ್ತದೆ. ದೂರು ಪರದೆಯ ಮೇಲೆ ಬಂದಿತೆಂದು ದೋಷವೂ ಪರದೆಯ ಹಿಂದೆಯೇ ಇರಬೇಕಾಗಿಲ್ಲ. ಮೊದಲು ಐದು ವೋಲ್ಟ್, ಅಂದರೆ ಕೇಬಲ್ ಸಾಧನಕ್ಕೆ ಹಾಕುವ ಆ ಅನ್ನ ಸರಿಯಿದೆಯೇ ನೋಡಿ, ಆಮೇಲೆ ತಂತಿ, ಕಿಂಡಿ, ಅರ್ಥಿಂಗ್. ಡ್ರೈವರ್‌ನ ಸರದಿ ಕೊನೆಗೆ ಬರಲಿ.

ಕೈ ಹಾಕುವ ಮುನ್ನ

ಒಂದು ಪುಸ್ತಕದಲ್ಲಿ ಬರೆದಿಡಿ: ಯಾವ ಸಾಧನ, ಯಾವ ಪೋರ್ಟ್, ಎಷ್ಟು ಗಂಟೆಗೆ ಬಿಟ್ಟಿತು, ಆ ಹೊತ್ತಿಗೆ ಬೇರೆ ಏನು ಚಾಲೂ ಆಯಿತು. ಮೂರು ದಿನ ಬರೆದರೆ ಬಹಳಷ್ಟು ಸಲ ಉತ್ತರ ಅದರಲ್ಲೇ ಸಿಗುತ್ತದೆ. ಪ್ರಿಂಟರ್ ಆನ್ ಮಾಡಿದಾಗಲೆಲ್ಲ ಸ್ಕ್ಯಾನರ್ ಬಿಟ್ಟರೆ ಅದು ಕರೆಂಟಿನ ಅಥವಾ ಅರ್ಥಿಂಗ್‌ನ ವಿಷಯ. ಹತ್ತು ನಿಮಿಷ ಸುಮ್ಮನಿದ್ದು ಮತ್ತೆ ಮುಟ್ಟಿದಾಗ ಮಾತ್ರ ಕೈಕೊಟ್ಟರೆ ಅದು ವಿದ್ಯುತ್ ಉಳಿತಾಯದ ಸೆಟ್ಟಿಂಗ್. ಕೇಬಲ್ ಅಲುಗಿದಾಗ ಬಿಟ್ಟರೆ ಕಿಂಡಿ ಸಡಿಲವಾಗಿದೆ. ದೊಡ್ಡ ಫೈಲ್ ಕಾಪಿ ಮಾಡುವಾಗ ಮಾತ್ರ ಬಿಟ್ಟರೆ ಕೇಬಲ್ ಅಥವಾ ಕರೆಂಟು.

ಆಮೇಲೆ ಅದಲು ಬದಲು. ಸಾಧನ, ಕೇಬಲ್, ಪೋರ್ಟ್ ಈ ಮೂರರಲ್ಲಿ ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಮೂರನ್ನೂ ಒಟ್ಟಿಗೆ ಬದಲಿಸಿ ‘ಸರಿಹೋಯಿತು’ ಎಂದರೆ ಯಾವುದು ಕೆಟ್ಟಿತ್ತೆಂದು ತಿಳಿಯುವುದಿಲ್ಲ, ಕೆಟ್ಟ ಕೇಬಲ್ ಡ್ರಾಯರ್ ಸೇರಿ ಮುಂದಿನ ತಿಂಗಳು ಇನ್ನೊಂದು ಕಂಪ್ಯೂಟರ್‌ಗೆ ಹೋಗುತ್ತದೆ. ಕೆಟ್ಟಿದೆ ಎಂದು ಖಚಿತವಾದ ಕೇಬಲ್ಲನ್ನು ಕತ್ತರಿಸಿಯೇ ಎಸೆಯಿರಿ.

ಮೊದಲ ಅದಲು ಬದಲು ಮುಂದಿನ ಪೋರ್ಟ್‌ನಿಂದ ಹಿಂದಿನ ಪೋರ್ಟ್‌ಗೆ. ಹಿಂದಿನವು ಮದರ್‌ಬೋರ್ಡಿಗೇ ಬೆಸುಗೆ ಹಾಕಿದವು. ಮುಂದಿನವು ಕ್ಯಾಬಿನೆಟ್ ಒಳಗೆ ಒಂದೂವರೆ ಎರಡು ಅಡಿ ಉದ್ದದ ತಂತಿಯ ಮೂಲಕ ಬರುತ್ತವೆ. ಅಗ್ಗದ ಕ್ಯಾಬಿನೆಟ್‌ಗಳಲ್ಲಿ ಆ ತಂತಿ ತೆಳು, ಮೇಲೆ ಕವಚವೂ ಇರುವುದಿಲ್ಲ. ಹಿಂದೆ ಹಾಕಿದಾಗ ತೊಂದರೆ ನಿಂತರೆ ಡ್ರೈವರ್‌ನ ಮಾತೇ ಬೇಡ.

ಐದು ವೋಲ್ಟ್ ಅಳೆಯುವುದು

ಪೋರ್ಟ್‌ನಲ್ಲಿ 4.75ರಿಂದ 5.25 ವೋಲ್ಟ್ ಇರಬೇಕು. ಯುಎಸ್‌ಬಿ 2.0 ಪೋರ್ಟ್ 500 ಮಿಲಿಆಂಪಿಯರ್ ಕೊಡಬೇಕು, 3.0 ಪೋರ್ಟ್ 900. ಅಳೆಯಲು ಸಾಧನಕ್ಕೂ ಪೋರ್ಟ್‌ಗೂ ನಡುವೆ ಸಿಕ್ಕಿಸುವ ಯುಎಸ್‌ಬಿ ಮೀಟರ್ ಸಿಗುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೂ ಆನ್‌ಲೈನ್‌ನಲ್ಲೂ ಕೆಲವು ನೂರು ರೂಪಾಯಿಯ ವಸ್ತು. ಹತ್ತು ಕಂಪ್ಯೂಟರ್ ನೋಡಿಕೊಳ್ಳುವವರ ಚೀಲದಲ್ಲಿ ಇದು ಸ್ಕ್ರೂಡ್ರೈವರ್ ಪಕ್ಕದಲ್ಲೇ ಇರಬೇಕು.

ಇಲ್ಲಿ ಬಹಳ ಜನ ಮಾಡುವ ತಪ್ಪು, ಏನೂ ಜೋಡಿಸದೆ ಅಳೆಯುವುದು. ಹೊರೆ ಇಲ್ಲದಾಗ ಎಂಥ ಕೆಟ್ಟ ಪೋರ್ಟ್ ಆದರೂ 5 ವೋಲ್ಟ್ ತೋರಿಸುತ್ತದೆ. ಅರ್ಧ ಆಂಪಿಯರ್ ಎಳೆಯುವ ಸಾಧನ ಹಾಕಿ, ಅದು ಕೆಲಸ ಮಾಡುತ್ತಿರುವಾಗ ಓದಿ. ಮೀಟರನ್ನು ಎರಡು ಕಡೆ ಇಟ್ಟು ನೋಡಿ: ಒಮ್ಮೆ ಪೋರ್ಟ್‌ಗೆ ನೇರವಾಗಿ, ಒಮ್ಮೆ ಎಕ್ಸ್‌ಟೆನ್ಶನ್ ಕೇಬಲ್‌ನ ಆಚೆ ತುದಿಯಲ್ಲಿ. ಪೋರ್ಟ್‌ನಲ್ಲಿ 5.02 ಇದ್ದು ಕೇಬಲ್ ತುದಿಯಲ್ಲಿ 4.40 ಇದ್ದರೆ ಕಳ್ಳ ಕೇಬಲ್ ಒಳಗಿದ್ದಾನೆ. ಪೋರ್ಟ್‌ನಲ್ಲೇ 4.6 ಇದ್ದರೆ ಮದರ್‌ಬೋರ್ಡ್, ಒಳಗಿನ ತಂತಿ ಅಥವಾ ಎಸ್‌ಎಂಪಿಎಸ್ (ಕ್ಯಾಬಿನೆಟ್ ಒಳಗಿನ ಪವರ್ ಸಪ್ಲೈ ಡಬ್ಬಿ) ಕಡೆ ತಿರುಗಿ.

ಎಸ್‌ಎಂಪಿಎಸ್ ನೋಡಬೇಕಾದರೆ 24 ಪಿನ್ ಕನೆಕ್ಟರ್‌ನ ಹಿಂಬದಿಯಿಂದ ಮಲ್ಟಿಮೀಟರ್ ಕಡ್ಡಿ ಇಳಿಸಿ. ಕಪ್ಪು ತಂತಿ ನೆಲ (ಗ್ರೌಂಡ್), ಕೆಂಪು 5 ವೋಲ್ಟ್, ನೇರಳೆ ತಂತಿ ಸ್ಟ್ಯಾಂಡ್‌ಬೈ 5 ವೋಲ್ಟ್. ಎಲ್ಲ ತಂತಿಯೂ ಕಪ್ಪಾಗಿರುವ ಹೊಸ ಎಸ್‌ಎಂಪಿಎಸ್ ಆದರೆ 4ನೇ ಪಿನ್ ಮತ್ತು 9ನೇ ಪಿನ್ ಲೆಕ್ಕ ಹಾಕಿ. ಎರಡೂ 4.75ಕ್ಕಿಂತ ಕೆಳಗೆ ಇಳಿಯಬಾರದು. ಬಹಳ ಬೋರ್ಡ್‌ಗಳಲ್ಲಿ ಯುಎಸ್‌ಬಿ ಪೋರ್ಟ್‌ಗಳಿಗೆ ಈ ಸ್ಟ್ಯಾಂಡ್‌ಬೈ ಸಾಲಿನಿಂದಲೇ ವಿದ್ಯುತ್ ಹೋಗುತ್ತದೆ. ಕಂಪ್ಯೂಟರ್ ಷಟ್‌ಡೌನ್ ಆದ ಮೇಲೂ ಮೌಸ್‌ನ ಕೆಂಪು ದೀಪ ಉರಿಯುವುದು ಅದಕ್ಕೇ.

ಅದರಿಂದಲೇ ಇನ್ನೊಂದು ಉಪಾಯ ಹುಟ್ಟುತ್ತದೆ. ಪೋರ್ಟ್ ಒಮ್ಮೆಗೇ ಸತ್ತಂತಾದರೆ ಷಟ್‌ಡೌನ್ ಮಾಡಿ ಮತ್ತೆ ಆನ್ ಮಾಡುವುದರಿಂದ ಪ್ರಯೋಜನ ಕಡಿಮೆ, ಏಕೆಂದರೆ ಪೋರ್ಟ್‌ಗೆ ಹೋಗುವ ಕರೆಂಟು ನಿಂತೇ ಇರುವುದಿಲ್ಲ. ಗೋಡೆಯ ಪ್ಲಗ್ ಕಿತ್ತು, ಕ್ಯಾಬಿನೆಟ್‌ನ ಪವರ್ ಗುಂಡಿಯನ್ನು 15 ಸೆಕೆಂಡ್ ಒತ್ತಿ ಹಿಡಿದು, ಐದು ನಿಮಿಷ ಬಿಡಿ. ಪೋರ್ಟ್ ಹಿಂದೆ ಪಾಲಿಫ್ಯೂಸ್ ಎಂಬ ಪುಟ್ಟ ಬಿಡಿಭಾಗವಿರುತ್ತದೆ. ಹೆಚ್ಚು ಕರೆಂಟು ಹರಿದಾಗ ಅದು ಬಿಸಿಯಾಗಿ ದಾರಿ ಮುಚ್ಚುತ್ತದೆ, ತಣ್ಣಗಾದ ಮೇಲೆ ತಾನೇ ತೆರೆಯುತ್ತದೆ. ತಣ್ಣಗಾಗಲು ಕರೆಂಟು ಪೂರ್ತಿ ನಿಲ್ಲಬೇಕು. ‘ಪವರ್ ಸರ್ಜ್ ಆನ್ ದಿ ಯುಎಸ್‌ಬಿ ಪೋರ್ಟ್’ ಎಂಬ ಸಂದೇಶ ಬಂದಿದ್ದರೆ ಮೊದಲು ಇದನ್ನೇ ಮಾಡಿ, ಆಮೇಲೆ ಸಾಧನಗಳನ್ನು ಒಂದೊಂದಾಗಿ ಹಾಕುತ್ತ ಯಾವುದು ಹೆಚ್ಚು ಎಳೆಯುತ್ತಿದೆ ನೋಡಿ.

ಕೇಬಲ್ ಮೇಲೆ ಬರೆದದ್ದನ್ನು ಓದಿ

ಯುಎಸ್‌ಬಿ ಕೇಬಲ್ ಕೈಗೆತ್ತಿಕೊಂಡು ಬೆಳಕಿಗೆ ಓರೆ ಹಿಡಿದರೆ ಸಿಪ್ಪೆಯ ಮೇಲೆ ಸಣ್ಣ ಅಕ್ಷರ ಕಾಣುತ್ತದೆ. ‘28ಎಡಬ್ಲ್ಯುಜಿ/1ಪಿ, 24ಎಡಬ್ಲ್ಯುಜಿ/2ಸಿ’ ಎಂಬಂಥದ್ದು. ಮೊದಲನೆಯದು ಮಾತಿನ ಜೋಡಿ ತಂತಿಯ ದಪ್ಪ, ಎರಡನೆಯದು ವಿದ್ಯುತ್ತಿನ ಎರಡು ತಂತಿಯ ದಪ್ಪ. ಎಡಬ್ಲ್ಯುಜಿ ಎಂದರೆ ತಂತಿಯ ಗೇಜ್, ಸಂಖ್ಯೆ ದೊಡ್ಡದಾದಷ್ಟೂ ತಂತಿ ತೆಳು ಎಂಬುದು ನೆನಪಿರಲಿ.

ಲೆಕ್ಕ ಹಾಕಿ ನೋಡೋಣ. 28 ಗೇಜ್ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.21 ಓಮ್ ಪ್ರತಿರೋಧ. 3 ಮೀಟರ್ ಕೇಬಲ್ ಎಂದರೆ ಹೋಗುವ ದಾರಿ 3, ಬರುವ ದಾರಿ 3, ಒಟ್ಟು 6 ಮೀಟರ್. 6 ಗುಣಿಸು 0.21, ಹತ್ತಿರ ಹತ್ತಿರ 1.26 ಓಮ್. ಅರ್ಧ ಆಂಪಿಯರ್ ಹರಿದರೆ 0.63 ವೋಲ್ಟ್ ದಾರಿಯಲ್ಲೇ ಖರ್ಚು. ಪೋರ್ಟ್‌ನಿಂದ ಹೊರಟ 5 ವೋಲ್ಟ್ ಸಾಧನಕ್ಕೆ ತಲುಪುವಾಗ 4.37. ಅದೇ ಉದ್ದಕ್ಕೆ ವಿದ್ಯುತ್ ತಂತಿ 24 ಗೇಜ್ ಆಗಿದ್ದರೆ ಮೀಟರಿಗೆ 0.084 ಓಮ್, ಖರ್ಚಾಗುವುದು ಕಾಲು ವೋಲ್ಟ್ ಮಾತ್ರ, ಸಾಧನಕ್ಕೆ 4.75 ಸಿಗುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಕಪ್ಪು ಕೇಬಲ್. ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ ತಂತಿಯಾದರೆ ನಷ್ಟ ಇನ್ನೂ ಹೆಚ್ಚು. ಏನೂ ಅಚ್ಚಾಗಿಲ್ಲದ ಕೇಬಲ್ಲನ್ನು ತೆಳುವೆಂದೇ ಎಣಿಸಿ.

ಈ ಲೆಕ್ಕ ಬೆರಳಚ್ಚು ಯಂತ್ರ, ವೆಬ್‌ಕ್ಯಾಮ್, ಪೋರ್ಟಬಲ್ ಹಾರ್ಡ್‌ಡಿಸ್ಕ್, ವೈಫೈ ಡಾಂಗಲ್‌ಗಳಿಗೆ, ಅಂದರೆ ಪೋರ್ಟ್‌ನಿಂದಲೇ ಉಣ್ಣುವ ಸಾಧನಗಳಿಗೆ. ಪ್ರಿಂಟರ್‌ಗೆ ತನ್ನದೇ ಪವರ್ ಇರುವುದರಿಂದ ಅದಕ್ಕೆ ವೋಲ್ಟ್ ಇಳಿಕೆ ಬಾಧಿಸದು, ಆದರೆ ಉದ್ದದ ಮಿತಿ ಅದಕ್ಕೂ ಇದೆ. ಯುಎಸ್‌ಬಿ 2.0ಗೆ 5 ಮೀಟರ್, 3.0ಗೆ ಸುಮಾರು 3 ಮೀಟರ್. ಎರಡು ಎಕ್ಸ್‌ಟೆನ್ಶನ್ ಒಂದಕ್ಕೊಂದು ಸಿಕ್ಕಿಸಿ ಮೇಜಿನ ಆ ಬದಿಗೆ ಎಳೆಯುವ ರೂಢಿ ಬಿಡಿ, ಪ್ರತಿ ಕೀಲಿನಲ್ಲೂ ಸ್ವಲ್ಪ ಸ್ವಲ್ಪ ಸೋರುತ್ತದೆ. ಬೆರಳಚ್ಚು ಯಂತ್ರ ಗ್ರಾಹಕರ ಕಡೆಗೆ ಚಾಚಬೇಕೆಂದರೆ ಕ್ಯಾಬಿನೆಟ್ಟನ್ನೇ ಆ ಬದಿಗೆ ಸರಿಸಿ.

ಪೋರ್ಟಬಲ್ ಹಾರ್ಡ್‌ಡಿಸ್ಕ್ ಬಗ್ಗೆ ಒಂದು ಮಾತು. ತಟ್ಟೆ ತಿರುಗಲು ಶುರುವಾಗುವ ಕ್ಷಣದಲ್ಲಿ ಅದು ಒಂದು ಆಂಪಿಯರ್ ಹತ್ತಿರ ಎಳೆಯಬಹುದು. ಮುಂದಿನ ಯುಎಸ್‌ಬಿ 2.0 ಪೋರ್ಟ್‌ಗೆ ಹಾಕಿದಾಗ ಟಿಕ್ ಟಿಕ್ ಎಂದು ಸದ್ದು ಮಾಡುತ್ತ ಪತ್ತೆಯಾಗದೆ ಇದ್ದರೆ ಡಿಸ್ಕ್ ಸತ್ತಿತೆಂದು ಗಾಬರಿಯಾಗಬೇಡಿ. ಅದರ ಜೊತೆ ಬಂದ ಗಿಡ್ಡ ಕೇಬಲ್‌ನಲ್ಲಿ ಹಿಂದಿನ ನೀಲಿ (ಯುಎಸ್‌ಬಿ 3.0) ಪೋರ್ಟ್‌ಗೆ ಹಾಕಿ ನೋಡಿ. ಹಾಕುವಾಗ ಅಳುಕುತ್ತ ನಿಧಾನವಾಗಿ ನೂಕಬೇಡಿ. 3.0ರ ಐದು ಹೆಚ್ಚುವರಿ ಪಿನ್ನುಗಳು ಹಿಂದಿನ ಸಾಲಿನಲ್ಲಿವೆ. ಮೆಲ್ಲಗೆ ತಳ್ಳಿದರೆ ಮುಂದಿನ ನಾಲ್ಕು ಮೊದಲು ತಾಗಿ ಕಂಪ್ಯೂಟರ್ ಅದನ್ನು 2.0 ಎಂದೇ ಎಣಿಸಿಕೊಂಡುಬಿಡಬಹುದು. ನೇರವಾಗಿ ಹಿಡಿದು ಒಂದೇ ಸಲಕ್ಕೆ ಕೊನೆತನಕ ಒತ್ತಿ.

ಯುಎಸ್‌ಬಿ ಹಬ್ ಬಳಸುವುದಾದರೆ ಸ್ವಂತ ಅಡಾಪ್ಟರ್ ಇರುವುದನ್ನೇ ಕೊಳ್ಳಿ. ನಾಲ್ಕು ಪೋರ್ಟ್‌ಗೆ ತಲಾ ಅರ್ಧ ಆಂಪಿಯರ್ ಎಂದರೂ 5 ವೋಲ್ಟ್ 2 ಆಂಪಿಯರ್ ಅಡಾಪ್ಟರ್ ಬೇಕು. 3.0 ಹಬ್ ಆದರೆ 4 ಆಂಪಿಯರ್‌ನದು ಇರಲಿ. ಅಡಾಪ್ಟರ್ ಇಲ್ಲದ ಹಬ್ ಒಂದೇ ಪೋರ್ಟ್‌ನ ಊಟವನ್ನು ನಾಲ್ವರಿಗೆ ಹಂಚುತ್ತದೆ, ಅಷ್ಟೇ.

ಕಿಂಡಿಯ ಒಳಗೆ

ಟಾರ್ಚ್ ಹಿಡಿದು ಪೋರ್ಟ್ ಒಳಗೆ ನೋಡಿ. ಕಪ್ಪು, ಬಿಳಿ ಅಥವಾ ನೀಲಿ ಪ್ಲಾಸ್ಟಿಕ್ಕಿನ ನಾಲಗೆ, ಅದರ ಮೇಲೆ ಹೊಳೆಯುವ ನಾಲ್ಕು ಪಟ್ಟಿ. ಎರಡು ಬದಿಯ ಪಟ್ಟಿಗಳಲ್ಲಿ ವಿದ್ಯುತ್, ನಡುವಿನ ಎರಡರಲ್ಲಿ ಮಾತು. ಪಟ್ಟಿಯೊಂದು ಬಾಗಿ ಪಕ್ಕದ್ದಕ್ಕೆ ತಾಗಿದೆಯೇ, ನಾಲಗೆ ಬಿರುಕು ಬಿಟ್ಟಿದೆಯೇ, ಹಸಿರು ಬಣ್ಣದ ಕಿಲುಬು ಕೂತಿದೆಯೇ ನೋಡಿ. ಕರಾವಳಿಯಲ್ಲಿ ಉಪ್ಪುಗಾಳಿಗೆ ಈ ಹಸಿರು ಬೇಗ ಬರುತ್ತದೆ. ಬಯಲುಸೀಮೆಯಲ್ಲಿ ಧೂಳಿನ ಉಂಡೆ. ಲೋಹದ ಕವಚದ ಒಳಗಿನ ಸ್ಪ್ರಿಂಗ್ ಪಟ್ಟಿಗಳು ಪ್ಲಗ್ಗನ್ನು ಕಚ್ಚಿ ಹಿಡಿಯುತ್ತವೆ. ಕೇಬಲ್ ತನ್ನ ಭಾರಕ್ಕೇ ಜೋತು ಜಾರಿದರೆ ಆ ಸ್ಪ್ರಿಂಗ್ ಸೋತಿದೆ. ಸಾಮಾನ್ಯ ಎ ಮಾದರಿಯ ಪೋರ್ಟ್‌ನ ನಿಗದಿತ ಬಾಳಿಕೆ 1500 ಸಲ ಹಾಕಿ ತೆಗೆಯುವಷ್ಟು. ದಿನಕ್ಕೆ ಹತ್ತು ಪೆನ್‌ಡ್ರೈವ್ ಬರುವ ಜೆರಾಕ್ಸ್ ಅಂಗಡಿಯಲ್ಲಿ ಅದು ಐದು ತಿಂಗಳ ಆಯಸ್ಸು. ಅಂಥ ಕಡೆ ಹಿಂದಿನ ಪೋರ್ಟ್‌ಗೆ ಒಂದು ಗಿಡ್ಡ, ದಪ್ಪ ಎಕ್ಸ್‌ಟೆನ್ಶನ್ ಖಾಯಂ ಸಿಕ್ಕಿಸಿ, ಗ್ರಾಹಕರ ಪೆನ್‌ಡ್ರೈವ್ ಅದಕ್ಕೇ ಹಾಕಿ. ಸವೆಯುವುದು ಕೇಬಲ್, ಬೋರ್ಡಲ್ಲ.

ಶುಚಿ ಮಾಡಲು ಪ್ಲಗ್ ಕಿತ್ತ ಮೇಲೆ ಒಣ ಬ್ರಷ್‌ನಿಂದ ಧೂಳು ತೆಗೆಯಿರಿ. ಹಲ್ಲುಕಡ್ಡಿಯ ತುದಿಗೆ ಎಳೆ ಬಿಡದ ಬಟ್ಟೆಯ ಚೂರು ಸುತ್ತಿ, 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿ, ಪಟ್ಟಿಗಳ ಉದ್ದಕ್ಕೆ ಸವರಿ. ಕಾಲು ಗಂಟೆ ಆರಲು ಬಿಡಿ. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರೂ ಗ್ಲಿಸರಿನ್ನೂ ಇರುತ್ತದೆ, ಜಿಡ್ಡು ಕೂತು ಇನ್ನಷ್ಟು ಧೂಳು ಹಿಡಿಯುತ್ತದೆ. ಪೆಟ್ರೋಲ್ ಪ್ಲಾಸ್ಟಿಕ್ಕನ್ನು ಕೆಡಿಸುತ್ತದೆ. ಸೂಜಿ, ಬ್ಲೇಡುಗಳಿಂದ ಕೆರೆದರೆ ಪಟ್ಟಿಯ ಮೇಲಿನ ಲೇಪ ಹೋಗಿ ಕಿಲುಬು ಬೇಗ ಮರಳುತ್ತದೆ.

ಮುಂದಿನ ಪೋರ್ಟ್‌ಗಳೆಲ್ಲ ಒಟ್ಟಿಗೆ ಕೈಕೊಟ್ಟರೆ ಕ್ಯಾಬಿನೆಟ್ ಬಿಚ್ಚಿ ಮದರ್‌ಬೋರ್ಡಿನ ಕೆಳಗಿನ ಅಂಚು ನೋಡಿ. ಮುಂದಿನ ಪೋರ್ಟ್‌ಗಳ ತಂತಿ ಬಂದು ಸೇರುವ ಪಿನ್ನುಗಳ ಗುಂಪಿಗೆ ಹೆಡರ್ ಎನ್ನುತ್ತಾರೆ. ಯುಎಸ್‌ಬಿ 2.0 ಹೆಡರ್‌ಗೆ ಒಂಬತ್ತು ಪಿನ್, ಹತ್ತರಲ್ಲಿ ಒಂದು ಖಾಲಿ. ಖಾಲಿ ಜಾಗ ಕನೆಕ್ಟರ್‌ನ ಮುಚ್ಚಿದ ತೂತಿಗೆ ಹೊಂದಬೇಕು. ಪಕ್ಕದಲ್ಲೇ ಆಡಿಯೊ ಹೆಡರ್ ಇದೇ ಗಾತ್ರದಲ್ಲಿ ಇರುತ್ತದೆ, ಆದರೆ ಖಾಲಿ ಜಾಗ ಬೇರೆ ಕಡೆ. ಒತ್ತಾಯ ಮಾಡಿ ಕೂರಿಸಬೇಡಿ. ಹಳೆಯ ಕ್ಯಾಬಿನೆಟ್‌ಗಳಲ್ಲಿ ಬಿಡಿ ಬಿಡಿ ತಂತಿ ಬರುತ್ತವೆ: ಕೆಂಪು 5 ವೋಲ್ಟ್, ಬಿಳಿ ಮತ್ತು ಹಸಿರು ಮಾತಿಗೆ, ಕಪ್ಪು ನೆಲ. ಕೆಂಪು ಕಪ್ಪು ಅದಲು ಬದಲಾದರೆ ಮೊದಲು ಹಾಕಿದ ಪೆನ್‌ಡ್ರೈವ್ ಅಲ್ಲೇ ಸುಡುತ್ತದೆ. ಜೋಡಿಸಿದ ಮೇಲೆ ಹಳೆಯ ಯುಎಸ್‌ಬಿ ಮೀಟರ್ ಹಾಕಿ ವೋಲ್ಟ್ ನೋಡಿ, ಆಮೇಲೆ ಮಾತ್ರ ಪೆನ್‌ಡ್ರೈವ್. 3.0ರ 19 ಪಿನ್ ಹೆಡರ್ ಎಳೆಯುವಾಗ ಓರೆಯಾದರೆ ಪಿನ್ ಬಾಗುತ್ತದೆ, ನೇರ ಮೇಲಕ್ಕೇ ಎಳೆಯಬೇಕು.

ಅರ್ಥಿಂಗ್

ಈ ಭಾಗಕ್ಕೆ ಹೆಚ್ಚು ಸಮಯ ಕೊಡುತ್ತೇವೆ, ಏಕೆಂದರೆ ಬೇರೆ ದೇಶದವರು ಬರೆದ ಸಲಹೆಗಳಲ್ಲಿ ಇದು ಅಪರೂಪ, ನಮ್ಮ ಕಟ್ಟಡಗಳಲ್ಲಿ ಮಾಮೂಲು.

ಕ್ಯಾಬಿನೆಟ್‌ನ ತಗಡು ಮುಟ್ಟಿದಾಗ ಜುಮ್ ಎನ್ನುತ್ತದೆಯೇ? ಟೆಸ್ಟರ್ ಇಟ್ಟರೆ ದೀಪ ಮಿಣುಕುತ್ತದೆಯೇ? ಎಸ್‌ಎಂಪಿಎಸ್ ಒಳಗೆ ಫೇಸ್‌ನಿಂದ ತಗಡಿಗೆ ಒಂದು, ನ್ಯೂಟ್ರಲ್‌ನಿಂದ ತಗಡಿಗೆ ಒಂದು ಪುಟ್ಟ ಕೆಪಾಸಿಟರ್ ಇರುತ್ತದೆ. ಗದ್ದಲವನ್ನು ಅರ್ಥ್‌ಗೆ ಇಳಿಸುವುದು ಅವುಗಳ ಕೆಲಸ. ಅರ್ಥ್ ತಂತಿಯೇ ಇಲ್ಲದಿದ್ದರೆ ಎರಡರ ನಡುವೆ ಸಿಕ್ಕ ತಗಡು 230ರ ಅರ್ಧ, ಅಂದರೆ 115 ವೋಲ್ಟ್ ಆಸುಪಾಸಿನಲ್ಲಿ ತೇಲುತ್ತದೆ. ಹರಿಯುವ ಕರೆಂಟು ತೀರಾ ಸಣ್ಣದು, ಜುಮ್ ಎನ್ನುವಷ್ಟು. ಆದರೆ ಯುಎಸ್‌ಬಿಯ ನೆಲದ ತಂತಿಯೂ ಇದೇ ತಗಡಿಗೆ ಸೇರಿದೆ. ಇನ್ನೊಂದು ಗೋಡೆಯ ಸಾಕೆಟ್‌ನಲ್ಲಿ, ಅರ್ಥ್ ಸರಿಯಿರುವ ಕಡೆ ಪ್ರಿಂಟರ್ ಇದೆ ಎನ್ನಿ. ಎರಡನ್ನೂ ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿದ ಕೂಡಲೇ ಕಂಪ್ಯೂಟರ್‌ನ ಸೋರಿಕೆ ಆ ಕೇಬಲ್ ಮೂಲಕವೇ ಅರ್ಥ್ ಹುಡುಕಿಕೊಂಡು ಹೋಗುತ್ತದೆ. ಪ್ಲಗ್ ಸಿಕ್ಕಿಸುವಾಗ ಸಣ್ಣ ಕಿಡಿ ಕಾಣುವುದು, ಫ್ಯಾನ್ ಅಥವಾ ಮೋಟಾರ್ ಸ್ವಿಚ್ ಹಾಕಿದಾಗ ಸಾಧನ ಬಿಡುವುದು, ವರ್ಷಕ್ಕೊಂದು ಪ್ರಿಂಟರ್‌ನ ಯುಎಸ್‌ಬಿ ಭಾಗ ಸಾಯುವುದು, ಇವೆಲ್ಲ ಇದರ ಗುರುತು.

ಪರೀಕ್ಷೆಗೆ ಮಲ್ಟಿಮೀಟರನ್ನು ಎಸಿ 750 ವೋಲ್ಟ್ ಸ್ಥಾನದಲ್ಲಿಟ್ಟು ಮೂರು ಪಿನ್ ಸಾಕೆಟ್‌ನಲ್ಲಿ ಮೂರು ಅಳತೆ ತೆಗೆದುಕೊಳ್ಳಿ. ಫೇಸ್–ನ್ಯೂಟ್ರಲ್ ಸುಮಾರು 230. ಫೇಸ್–ಅರ್ಥ್ ಅದರ ಹತ್ತಿರವೇ. ನ್ಯೂಟ್ರಲ್–ಅರ್ಥ್ ಎರಡು ಮೂರು ವೋಲ್ಟ್ ಒಳಗೆ. ಫೇಸ್–ಅರ್ಥ್ 100, 150 ಎಂದು ಅಲೆದಾಡಿದರೆ ಅರ್ಥ್ ತಂತಿ ಎಲ್ಲೋ ತುಂಡಾಗಿದೆ ಅಥವಾ ಎಳೆದೇ ಇಲ್ಲ. ನ್ಯೂಟ್ರಲ್–ಅರ್ಥ್ ಹೊರೆ ಹಾಕಿದಾಗಲೂ ಕದಲದೆ ಸೊನ್ನೆಯಲ್ಲೇ ನಿಂತರೆ, ಯಾರೋ ಸಾಕೆಟ್ ಹಿಂದೆ ಅರ್ಥ್ ಪಿನ್ನಿಗೆ ನ್ಯೂಟ್ರಲ್ ಕಟ್ಟಿರಬಹುದೆಂದು ಅನುಮಾನಿಸಿ. ಇದು ಜೀವಕ್ಕೇ ಅಪಾಯ: ದಾರಿಯಲ್ಲಿ ನ್ಯೂಟ್ರಲ್ ತುಂಡಾದ ಕ್ಷಣ ಕ್ಯಾಬಿನೆಟ್‌ನ ತಗಡಿಗೆ ಪೂರ್ತಿ 230 ವೋಲ್ಟ್ ಬರುತ್ತದೆ. ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕರೆಸಿ ಅರ್ಥ್ ಗುಂಡಿಯಿಂದಲೇ ನೋಡಿಸಿ. ಈ ಕೆಲಸವನ್ನು ನೀವಾಗಿ ಮಾಡಬೇಡಿ.

ಅಲ್ಲಿಯವರೆಗೆ ಮಾಡಬಹುದಾದದ್ದು: ಕಂಪ್ಯೂಟರ್, ಮಾನಿಟರ್, ಪ್ರಿಂಟರ್ ಎಲ್ಲದರ ಅರ್ಥ್ ಒಂದೇ ಸಾಕೆಟ್‌ನಿಂದ ಬರುವಂತೆ ಜೋಡಿಸಿ. ಮೂರು ಪಿನ್ ಪ್ಲಗ್‌ನ ದಪ್ಪ ಪಿನ್ ಮುರಿದು ಎರಡು ಪಿನ್ ಸಾಕೆಟ್‌ಗೆ ಹಾಕಿದ್ದರೆ ಪ್ಲಗ್ ಬದಲಿಸಿ. ಎಕ್ಸ್‌ಟೆನ್ಶನ್ ಬೋರ್ಡ್ ಬಿಚ್ಚಿ ಹಸಿರು ತಂತಿ ನಿಜಕ್ಕೂ ಸ್ಕ್ರೂಗೆ ಸೇರಿದೆಯೇ ನೋಡಿ. ಇನ್ನು ಲೇಸರ್ ಪ್ರಿಂಟರನ್ನು ಕಂಪ್ಯೂಟರ್‌ನ 600 ವಿಎ ಯುಪಿಎಸ್‌ಗೆ ಹಾಕಲೇಬೇಡಿ. ಅಂಥ ಯುಪಿಎಸ್ ಕೊಡುವುದು ಸುಮಾರು 360 ವಾಟ್, ಪ್ರಿಂಟರ್ ಒಳಗಿನ ಹೀಟರ್ ಒಂದೇ ಅದಕ್ಕಿಂತ ಹೆಚ್ಚು ಕೇಳುತ್ತದೆ. ಹೀಟರ್ ಹತ್ತಿದಾಗಲೆಲ್ಲ ವೋಲ್ಟೇಜ್ ಕುಸಿದು ಮೊದಲು ಬಿಡುವುದು ಯುಎಸ್‌ಬಿಯೇ.

ಈಗ ಸೆಟ್ಟಿಂಗ್

ಇಷ್ಟೂ ಸರಿಯಿದ್ದು ಸಾಧನ ಸುಮ್ಮನಿದ್ದಾಗ ಮಾತ್ರ ಮಲಗಿಬಿಡುತ್ತಿದ್ದರೆ ವಿಂಡೋಸ್‌ನ ಉಳಿತಾಯ ನಿಲ್ಲಿಸಿ. ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ಚೇಂಜ್ ಪ್ಲಾನ್ ಸೆಟ್ಟಿಂಗ್ಸ್, ಚೇಂಜ್ ಅಡ್ವಾನ್ಸ್ಡ್ ಪವರ್ ಸೆಟ್ಟಿಂಗ್ಸ್. ಅಲ್ಲಿ ಯುಎಸ್‌ಬಿ ಸೆಟ್ಟಿಂಗ್ಸ್ ಕೆಳಗೆ ‘ಸೆಲೆಕ್ಟಿವ್ ಸಸ್ಪೆಂಡ್’ ಇದೆ, ಡಿಸೇಬಲ್ಡ್ ಮಾಡಿ. ಆಮೇಲೆ ಡಿವೈಸ್ ಮ್ಯಾನೇಜರ್ ತೆರೆದು ಯುನಿವರ್ಸಲ್ ಸೀರಿಯಲ್ ಬಸ್ ಕಂಟ್ರೋಲರ್ಸ್ ಸಾಲಿನಲ್ಲಿರುವ ಪ್ರತಿ ‘ಯುಎಸ್‌ಬಿ ರೂಟ್ ಹಬ್’ನ ಪವರ್ ಮ್ಯಾನೇಜ್‌ಮೆಂಟ್ ಪುಟಕ್ಕೆ ಹೋಗಿ, ‘ವಿದ್ಯುತ್ ಉಳಿಸಲು ಈ ಸಾಧನ ಆಫ್ ಮಾಡಬಹುದು’ ಎಂಬರ್ಥದ ಸಾಲಿನ ಟಿಕ್ ತೆಗೆಯಿರಿ. ಎರಡೂ ಮಾಡಬೇಕು, ಒಂದು ಸಾಲದು. ಫಾಸ್ಟ್ ಸ್ಟಾರ್ಟಪ್ ಆನ್ ಇರುವ ಕಂಪ್ಯೂಟರ್‌ನಲ್ಲಿ ಷಟ್‌ಡೌನ್ ಮಾಡಿದರೂ ಡ್ರೈವರ್‌ಗಳು ಹಳೆಯ ಸ್ಥಿತಿಯಿಂದಲೇ ಏಳುತ್ತವೆ, ಹಾಗಾಗಿ ಪರೀಕ್ಷಿಸುವಾಗ ರೀಸ್ಟಾರ್ಟ್ ಮಾಡಿ.

ಸಾಧನಗಳಿಗೆ ಖಾಯಂ ಪೋರ್ಟ್ ಗೊತ್ತುಮಾಡಿ ಚೀಟಿ ಅಂಟಿಸಿ. ಸ್ವಂತ ಕ್ರಮಸಂಖ್ಯೆ ಇಲ್ಲದ ಸಾಧನವನ್ನು ಬೇರೆ ಪೋರ್ಟ್‌ಗೆ ಹಾಕಿದರೆ ವಿಂಡೋಸ್ ಅದನ್ನು ಹೊಸದೆಂದೇ ತಿಳಿಯುತ್ತದೆ. ಪ್ರಿಂಟರ್ ಪಟ್ಟಿಯಲ್ಲಿ ಒಂದೇ ಪ್ರಿಂಟರ್‌ಗೆ ‘ಕಾಪಿ 1’, ‘ಕಾಪಿ 2’ ಹುಟ್ಟುವುದು ಹೀಗೆ. ಪ್ರಿಂಟ್ ಕೊಟ್ಟದ್ದು ಹಳೆಯ ಹೆಸರಿಗೆ ಹೋಗಿ ಅಲ್ಲೇ ನಿಲ್ಲುತ್ತದೆ, ಜನ ಕೇಬಲ್ ಕೆಟ್ಟಿದೆ ಎನ್ನುತ್ತಾರೆ.

ದೋಷಸಂಖ್ಯೆಗಳಲ್ಲಿ ಎರಡು ಮೂರು ನೆನಪಿಡಿ. ವಿಂಡೋಸ್‌ನಲ್ಲಿ ‘ಕೋಡ್ 43’, ಜೊತೆಗೆ ‘ಡಿವೈಸ್ ಡಿಸ್ಕ್ರಿಪ್ಟರ್ ರಿಕ್ವೆಸ್ಟ್ ಫೇಲ್ಡ್’ ಎಂದರೆ ಸಾಧನ ಸೇರಿದ್ದು ಗೊತ್ತಾಯಿತು, ಆದರೆ ‘ನೀನ್ಯಾರು’ ಎಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಹೆಸರೇ ತಿಳಿಯದ ಸಾಧನಕ್ಕೆ ಯಾವ ಡ್ರೈವರ್ ಹಾಕಿದರೂ ಫಲವಿಲ್ಲ, ಕೇಬಲ್ ಮತ್ತು ಪೋರ್ಟ್ ನೋಡಿ. ಈವೆಂಟ್ ವ್ಯೂವರ್‌ನ ಸಿಸ್ಟಮ್ ಪಟ್ಟಿಯಲ್ಲಿ ಡಿಸ್ಕ್ ಹೆಸರಿನಡಿ 157 ಬಂದಿದ್ದರೆ ಡಿಸ್ಕ್ ಹೇಳದೆ ಕೇಳದೆ ಕಿತ್ತುಕೊಂಡಿದೆ, ಗಂಟೆ ನೋಡಿಕೊಂಡು ನಿಮ್ಮ ಪುಸ್ತಕಕ್ಕೆ ಹೋಲಿಸಿ. ಲಿನಕ್ಸ್ ಇರುವ ಶಾಲಾ ಲ್ಯಾಬ್‌ಗಳಲ್ಲಿ ಕರ್ನೆಲ್ ಸಂದೇಶಗಳನ್ನು ತೆರೆದಿಟ್ಟು ಕೇಬಲ್ ಅಲುಗಿಸಿ. ‘ಎರರ್ ಮೈನಸ್ 71’ ಬಂದರೆ ಮಾತು ಕೆಟ್ಟು ಕೇಳಿಸಿದೆ, ‘ಮೈನಸ್ 110’ ಬಂದರೆ ಉತ್ತರಕ್ಕೆ ಕಾದು ಸಾಕಾಗಿದೆ.

ಕೆಲವೊಮ್ಮೆ ದೋಷ ನಿಜಕ್ಕೂ ಬೋರ್ಡಿನ ಒಳಗೇ ಇರುತ್ತದೆ. 500 ಸರಣಿಯ ಚಿಪ್‌ಸೆಟ್ ಇರುವ ಬೋರ್ಡ್‌ಗಳಲ್ಲಿ ಯುಎಸ್‌ಬಿ ಆಗಾಗ ಬಿಟ್ಟುಹೋಗುತ್ತಿದೆ ಎಂದು ಅವುಗಳ ಚಿಪ್ ಕಂಪನಿ ಎಎಂಡಿ 2021ರ ಫೆಬ್ರವರಿಯಲ್ಲಿ ಒಪ್ಪಿಕೊಂಡಿತು, ಅದೇ ವರ್ಷ ಅಜೆಸಾ 1.2.0.2 ಎಂಬ ತಿದ್ದುಪಡಿಯನ್ನು ಬಯೋಸ್ (ಬೋರ್ಡಿನ ಒಳಗಿನ ಮೂಲ ತಂತ್ರಾಂಶ) ಮೂಲಕ ಕೊಟ್ಟಿತು. ಆ ಕಾಲದ ಬಿ550, ಎಕ್ಸ್570 ಬೋರ್ಡ್ ನಿಮ್ಮಲ್ಲಿದ್ದು ಬಯೋಸ್ ಇನ್ನೂ ಹಳೆಯದಿದ್ದರೆ ಮೊದಲು ಅದನ್ನು ಹೊಸದು ಮಾಡಿ. ಬಯೋಸ್ ಬದಲಿಸುವಾಗ ಕರೆಂಟು ಹೋಗಬಾರದು, ಹಾಗಾಗಿ ಯುಪಿಎಸ್ ಬ್ಯಾಟರಿ ಪರೀಕ್ಷಿಸಿಕೊಂಡೇ ಕೈ ಹಾಕಿ.

ಬೋರ್ಡಿನ ಪೋರ್ಟ್‌ಗಳೇ ಸತ್ತಿದ್ದರೆ ಬೋರ್ಡ್ ಬದಲಿಸಬೇಕಿಲ್ಲ. ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್‌ಗೆ ಹಾಕುವ ಯುಎಸ್‌ಬಿ ಕಾರ್ಡ್ ತನ್ನಿ. ಆ ಸ್ಲಾಟ್‌ನಲ್ಲಿ 12 ಮತ್ತು 3.3 ವೋಲ್ಟ್ ಮಾತ್ರ ಬರುತ್ತದೆ, 5 ವೋಲ್ಟ್ ಇಲ್ಲ. ಆದ್ದರಿಂದ ಎಸ್‌ಎಂಪಿಎಸ್‌ನಿಂದ ಸಾಟಾ ಪವರ್ ಪ್ಲಗ್ ಸಿಕ್ಕಿಸಲು ಜಾಗವಿರುವ ಕಾರ್ಡ್ ಕೇಳಿ, ಅದನ್ನು ಸಿಕ್ಕಿಸಲು ಮರೆಯಬೇಡಿ.

ಕೊನೆಯಲ್ಲಿ ಬಂದ ಪ್ರಶ್ನೆಗಳು

ವೈರ್‌ಲೆಸ್ ಮೌಸ್ ಹಾರ್ಡ್‌ಡಿಸ್ಕ್ ಹಾಕಿದಾಗ ಮಾತ್ರ ತಡವರಿಸುತ್ತದೆ, ಯಾಕೆ?

ಯುಎಸ್‌ಬಿ 3.0 ಓಡುವಾಗ ಹೊಮ್ಮುವ ಗದ್ದಲ 2.4 ಗಿಗಾಹರ್ಟ್ಸ್ ಪಟ್ಟಿಯ ಮೇಲೆ ಬೀಳುತ್ತದೆ. ಮೌಸ್ ಮಾತಾಡುವುದೂ ಅಲ್ಲೇ. ಇಂಟೆಲ್ 2012ರಲ್ಲೇ ಇದನ್ನು ಅಳೆದು ಪ್ರಕಟಿಸಿದೆ. ಮೌಸ್‌ನ ಪುಟ್ಟ ರಿಸೀವರ್ ನೀಲಿ ಪೋರ್ಟ್ ಪಕ್ಕದಲ್ಲಿದ್ದರೆ ಅದನ್ನು ಅರ್ಧ ಮೀಟರ್‌ನ ಯುಎಸ್‌ಬಿ 2.0 ಎಕ್ಸ್‌ಟೆನ್ಶನ್‌ನಲ್ಲಿ ಮೇಜಿನ ಮೇಲಕ್ಕೆ ತನ್ನಿ. ಮೌಸ್ ಬದಲಿಸಬೇಕಿಲ್ಲ.

ಮುಂದಿನ ಪೋರ್ಟ್‌ಗೆ ಪೆನ್‌ಡ್ರೈವ್ ಹಾಕಿದ ಕೂಡಲೇ ಇಡೀ ಸಿಸ್ಟಮ್ ಆಫ್ ಆಗುತ್ತದೆ. ಏನು ಮಾಡಲಿ?

ಆ ಪೋರ್ಟ್‌ನ ನಾಲಗೆ ಮುರಿದು 5 ವೋಲ್ಟ್ ಪಟ್ಟಿ ಲೋಹದ ಕವಚಕ್ಕೆ ತಾಗುತ್ತಿರಬಹುದು. ಇನ್ನೊಮ್ಮೆ ಹಾಕಿ ಪರೀಕ್ಷಿಸಬೇಡಿ. ಪ್ಲಗ್ ಕಿತ್ತು, ಕ್ಯಾಬಿನೆಟ್ ತೆರೆದು, ಮುಂದಿನ ಪೋರ್ಟ್‌ನ ಹೆಡರನ್ನು ಬೋರ್ಡಿನಿಂದ ಕಳಚಿ. ಹೊರಗಿನ ಕಿಂಡಿಗೆ ಇನ್ಸುಲೇಶನ್ ಟೇಪ್ ಅಂಟಿಸಿ, ಇಲ್ಲದಿದ್ದರೆ ನಾಳೆ ಯಾರಾದರೂ ಪೆನ್‌ಡ್ರೈವ್ ತುರುಕುತ್ತಾರೆ. ಕ್ಯಾಬಿನೆಟ್‌ಗೆ ಹೊಂದುವ ಮುಂಭಾಗದ ಪೋರ್ಟ್ ಪಟ್ಟಿ ಬಿಡಿಯಾಗಿ ಸಿಕ್ಕರೆ ಬದಲಿಸಿ, ಸಿಗದಿದ್ದರೆ ಹಿಂದಿನ ಪೋರ್ಟ್‌ಗಳಲ್ಲೇ ಸಾಗಿಸಿ.

ಹಾರ್ಡ್‌ಡಿಸ್ಕ್ ಬಿಟ್ಟು ಬಿಟ್ಟು ಸೇರುತ್ತಿದೆ, ಒಳಗೆ ಕಚೇರಿಯ ಲೆಕ್ಕಪತ್ರ ಇದೆ. ಇವೇ ಪರೀಕ್ಷೆ ಮಾಡಬಹುದೇ?

ಬೇಡ. ಪ್ರತಿ ಸಲ ಬಿಟ್ಟಾಗಲೂ ಬರೆಯುತ್ತಿದ್ದ ಫೈಲ್ ಅರ್ಧಕ್ಕೆ ನಿಲ್ಲುತ್ತದೆ, ಫೈಲ್‌ಗಳ ಪಟ್ಟಿಯೇ ಕೆಡಬಹುದು. ‘ಫಾರ್ಮ್ಯಾಟ್ ಮಾಡಬೇಕೇ’ ಎಂದು ವಿಂಡೋಸ್ ಕೇಳಿದರೆ ಕ್ಯಾನ್ಸಲ್ ಒತ್ತಿ. ಗಿಡ್ಡ ಹೊಸ ಕೇಬಲ್, ಬೇರೆಯೇ ಕಂಪ್ಯೂಟರ್, ಅದರ ಹಿಂದಿನ ಪೋರ್ಟ್, ಬೇರೆ ಯಾವ ಸಾಧನವೂ ಬೇಡ. ಡಿಸ್ಕ್‌ಗೆ ಏನೂ ಬರೆಯದೆ ಮೊದಲು ಲೆಕ್ಕಪತ್ರದ ಫೋಲ್ಡರ್ ಮಾತ್ರ ಕಾಪಿ ಮಾಡಿಕೊಳ್ಳಿ, ಆಮೇಲೆ ಉಳಿದದ್ದು. ಎರಡನೇ ಕಂಪ್ಯೂಟರ್‌ನಲ್ಲೂ ಬಿಟ್ಟರೆ ಅಲ್ಲಿಗೇ ನಿಲ್ಲಿಸಿ ಡೇಟಾ ತೆಗೆದುಕೊಡುವವರ ಹತ್ತಿರ ಒಯ್ಯಿರಿ. ಮೀಟರ್ ಹಿಡಿದು ನೋಡುವ ಕೆಲಸ ಕಾಪಿ ಆದ ಮೇಲೆ.